ಕಾಗೆ ಮನೆ ಕರಗಲಿಲ್ಲ

ಹೋದ ವರ್ಷ ಜೂನ್‌ನಲ್ಲಿ ಮಕ್ಕಳಿಗೆ ಒಂದು ಕಥೆ ಓದಿ ಹೇಳಿದೆ. ಒಂದು ಆಮೆ, ಎರಡು ಹಂಸ, ಒಂದು ಕೋಲು. ಆಮೆ ಬಾಯಿ ಬಿಟ್ಟು ಕೆಳಗೆ ಬೀಳುವ ಕಥೆ, ಎಲ್ಲರಿಗೂ ಗೊತ್ತಿರುವುದೇ. ಮುಗಿಸಿ, ಪುಸ್ತಕ ಮುಚ್ಚಿ, "ಈ ಕಥೆಯ ನೀತಿ ಏನು?" ಎಂದು ಕೇಳಿದೆ. 19 ಮಕ್ಕಳೂ ಒಂದೇ ದನಿಯಲ್ಲಿ ಹೇಳಿದರು: "ಸುಳ್ಳು ಹೇಳಬಾರದು."

ಆ ಕಥೆಯಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಮಾರನೇ ದಿನ ಸಿಂಹ ಮತ್ತು ಮೊಲದ ಕಥೆ ಹೇಳಿದೆ. ಅದರಲ್ಲಿ ಮೊಲ ಸುಳ್ಳು ಹೇಳಿಯೇ ಕಾಡಿಗೆ ಕಾಡನ್ನೇ ಉಳಿಸುತ್ತದೆ, ಅಲ್ವಾ? ಅದಕ್ಕೂ ಅದೇ ಉತ್ತರ ಬಂತು. ಮಕ್ಕಳು ಕಥೆ ಕೇಳಿರಲಿಲ್ಲ. ಕಥೆ ಮುಗಿದ ಮೇಲೆ ಮಿಸ್ ಒಂದು ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಒಂದು ಉತ್ತರ ಇದೆ ಎಂಬುದನ್ನು ಮಾತ್ರ ಕಲಿತಿದ್ದರು. ಕಲಿಸಿದ್ದು ನಾನೇ. ಆವತ್ತು ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ನಮ್ಮದು ಅರಸೀಕೆರೆ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಸುತ್ತ ತೆಂಗಿನ ತೋಟ, ಸ್ವಲ್ಪ ದೂರದಲ್ಲಿ ಒಂದು ಲಂಬಾಣಿ ತಾಂಡಾ. ಇಬ್ಬರೇ ಶಿಕ್ಷಕರು. ಒಂದು, ಎರಡು, ಮೂರನೇ ತರಗತಿ ಮೂರೂ ಒಂದೇ ಕೋಣೆಯಲ್ಲಿ ನನ್ನ ಜೊತೆ ಕೂರುತ್ತವೆ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳಿಂದ ಕಲಿಯುವ ಪದ್ಧತಿ, ಅದೇ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು. ಅಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಸಣ್ಣ ಸಣ್ಣ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕ ಹಾಗೆ ಕಾರ್ಡು, ಹಾಡು, ಆಟ ಎಲ್ಲ ಮಾಡಿಕೊಂಡರು. ಆಮೇಲೆ ಅದು ರಾಜ್ಯಕ್ಕೆಲ್ಲ ಬಂತು. ನನ್ನ ಕೋಣೆಯಲ್ಲೂ ಗೋಡೆಯ ಮೇಲೆ ಕಲಿಕಾ ಏಣಿ ಇದೆ, ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿ. ಮಕ್ಕಳ ಕೈಗೆ ಎಟುಕುವಷ್ಟು ಕೆಳಗೆ ಕಪ್ಪುಹಲಗೆ ಇದೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ ಇದೆ, ಮಕ್ಕಳು ಮಾಡಿದ್ದನ್ನು ನೇತುಹಾಕುವುದಕ್ಕೆ. ಎಲ್ಲ ಇತ್ತು. ಕಥೆ ಮಾತ್ರ ಪುಸ್ತಕದೊಳಗೇ ಉಳಿದುಬಿಟ್ಟಿತ್ತು.

ದಾರಿ ತೋರಿಸಿದ್ದು ನಮ್ಮ ಬಿಸಿಯೂಟದ ಅಡುಗೆ ಅಕ್ಕ. ಒಂದು ಮಧ್ಯಾಹ್ನ ಅವರು ಅಕ್ಕಿ ಆರಿಸುತ್ತಾ ಕೂತಿದ್ದರು. ನಾಲ್ಕೈದು ಮಕ್ಕಳು ಸುತ್ತ ಸೇರಿದ್ದರು. ಅಕ್ಕ ಗುಬ್ಬಿ-ಕಾಗೆ ಕಥೆ ಹೇಳುತ್ತಿದ್ದರು. ಕೈ ಮೊರದಲ್ಲಿ, ಬಾಯಿ ಕಥೆಯಲ್ಲಿ. ಪ್ರತಿ ಸಾಲಿಗೂ ಒಂದು ಹುಡುಗಿ "ಹ್ಞೂಂ" ಅನ್ನುತ್ತಿದ್ದಳು. ಅವಳು ಒಂದು ಸಲ ಮರೆತಳು. ಅಕ್ಕ ಅಲ್ಲೇ ನಿಲ್ಲಿಸಿಬಿಟ್ಟರು. "ಹೂಂ ಅನ್ನೋರು ಇಲ್ದಿದ್ರೆ ಕಥೆ ಮುಂದಕ್ಕೆ ಹೋಗಲ್ಲ" ಎಂದರು. ನನ್ನನ್ನು ನೋಡಿ ಸ್ವಲ್ಪ ನಾಚಿಕೊಂಡರು. "ಹಗಲೊತ್ತು ಕಥೆ ಹೇಳಿದ್ರೆ ದಾರೀಲಿ ಹೋಗೋರು ದಾರಿ ತಪ್ತಾರೆ ಅಂತ ನಮ್ಮವ್ವ ಬೈತಿದ್ಲು, ಮೇಡಂ. ಇವು ಬಿಡಬೇಕಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತು ಪೂರ್ತಿ ಕೇಳಿದೆ. ಕಾಗೆಯದು ಸಗಣಿ ಮನೆ, ಗುಬ್ಬಿಯದು ಕಲ್ಲಿನ ಮನೆ. ಜೋರು ಮಳೆ ಬರುತ್ತದೆ, ಕಾಗೆ ಮನೆ ಕರಗಿ ಹೋಗುತ್ತದೆ. ಕಾಗೆ ನೆನೆದುಕೊಂಡು ಬಂದು ಬಾಗಿಲು ಬಡಿಯುತ್ತದೆ. "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ." ಒಳಗಿನಿಂದ ಗುಬ್ಬಿ, "ತಾಳು, ಮಗೂಗೆ ಎಣ್ಣೆ ಹಚ್ತಿದ್ದೀನಿ." ಮತ್ತೆ ಬಡಿತ. "ತಾಳು, ನೀರು ಹಾಕ್ತಿದ್ದೀನಿ." ಮತ್ತೆ ಬಡಿತ. ಬಟ್ಟೆ, ಕಾಡಿಗೆ, ಹಾಲು, ತೊಟ್ಟಿಲು. ಮಳೆ ನಿಲ್ಲುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ಹೇಳಿದ್ದೂ ಇದೇ. ಅದು ನನಗೆ ಮರೆತೇ ಹೋಗಿತ್ತು.

ಮಾರನೇ ದಿನ ಪುಸ್ತಕ ಬಿಟ್ಟು ಬರೀ ಬಾಯಲ್ಲಿ ಹೇಳಿದೆ. ಚಿತ್ರ ತೋರಿಸಲಿಲ್ಲ. ಹೂಂಗುಟ್ಟುವುದಕ್ಕೆ ದಿನಕ್ಕೊಬ್ಬರು ಎಂದು ಪಾಳಿ ಮಾಡಿದೆ. ಅದು ಇವತ್ತಿಗೂ ನಡೆಯುತ್ತಿದೆ. ಆ ಪಾಳಿಗೆ ಮಕ್ಕಳು ಜಗಳ ಆಡುತ್ತಾರೆ. ಹೂಂಗುಟ್ಟುವ ಮಗುವಿನ ಕಣ್ಣು ಕಥೆ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ. ಗಮನ ಕೊಡು ಎಂದು ನೂರು ಸಲ ಹೇಳಿ ಆಗದ ಕೆಲಸ ಅದರಿಂದ ಆಯಿತು.

ಕಥೆ ಮುಗಿಯಿತು. ನೀತಿ ಕೇಳಲಿಲ್ಲ. ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. ಆಗ ಎರಡನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತ. ಅವರ ಮನೆಯಲ್ಲಿ ಎರಡು ಎಮ್ಮೆ, ಒಂದು ಹಸು.

"ಮಿಸ್, ಸಗಣಿ ಮನೆ ಕರಗಲ್ಲ."

"ಯಾಕಪ್ಪ?"

"ನಮ್ಮ ತಿಪ್ಪೆ ಮೇಲೆ ಬೆರಣಿ ನೆನೀತಾವೆ. ಕರಗಲ್ಲ."

ಉಳಿದವರು ಎರಡು ಪಕ್ಷ ಆದರು. ಕರಗುತ್ತೆ, ಕರಗಲ್ಲ. ನನಗೂ ಗೊತ್ತಿರಲಿಲ್ಲ. "ಸರಿ, ಕಟ್ಟಿ ನೋಡೋಣ" ಎಂದೆ. ಆಮೇಲೆ ವರ್ಷವಿಡೀ ನಡೆದಿದ್ದೆಲ್ಲ ಆ ಮಾತಿನಿಂದ ಶುರುವಾಯಿತು.

ಗುರುವಾರ ಮಕ್ಕಳು ಸಗಣಿ ತಂದರು. ಕೆರೆ ಮಣ್ಣು ತಂದರು. ಆಟದ ಮೈದಾನದಿಂದ ಕಲ್ಲು ಆರಿಸಿದರು. ಮೂರನೇ ತರಗತಿಯ ಒಬ್ಬಳು, "ಬರೀ ಸಗಣಿ ಒಂದು, ಬರೀ ಮಣ್ಣು ಒಂದು, ಎರಡೂ ಕಲಸಿದ್ದು ಒಂದು ಮಾಡೋಣ ಮಿಸ್, ನಮ್ಮಜ್ಜಿ ಗೋಡೆಗೆ ಕಲಸೇ ಬಳಿಯೋದು" ಎಂದಳು. ಕಲ್ಲಿನದೂ ಸೇರಿ ನಾಲ್ಕು ಮನೆ. ಪ್ರತಿ ಮನೆಯೂ ಒಂದು ತೆಂಗಿನ ಕರಟ ಮುಚ್ಚುವಷ್ಟು ದೊಡ್ಡದು. ಕರಟವನ್ನು ಬೋರಲು ಹಾಕಿ ಅದರ ಮೇಲೆ ಮೆತ್ತಿ, ಸ್ವಲ್ಪ ಗಟ್ಟಿಯಾದ ಮೇಲೆ ಕರಟ ತೆಗೆದರು. ಕಲ್ಲಿನ ಮನೆಗೆ ಮಾತ್ರ ಕರಟ ಆಗಲಿಲ್ಲ. ಕಲ್ಲು ಜಾರಿ ಜಾರಿ ಬಿದ್ದವು. ದೊಡ್ಡ ಕಲ್ಲು ಕೆಳಗೆ, ಚಪ್ಪಟೆ ಕಲ್ಲು ಮೇಲೆ ಎಂದು ಅವರೇ ಕಂಡುಕೊಳ್ಳುವ ಹೊತ್ತಿಗೆ ಒಂದು ಗಂಟೆ ಹೋಯಿತು. ನಾನು ಹೇಳಿಕೊಟ್ಟಿದ್ದರೆ ಎರಡು ನಿಮಿಷದ ಕೆಲಸ. ಹೇಳಿಕೊಡಲಿಲ್ಲ. ಆ ಒಂದು ಗಂಟೆಯಲ್ಲಿ ಅವರು ಆಡಿದ ಮಾತು ನೋಡಿ: ಮೇಲೆ, ಕೆಳಗೆ, ಪಕ್ಕ, ನಡುವೆ, ದಪ್ಪ, ತೆಳ್ಳಗೆ, ಚಪ್ಪಟೆ, ಉರುಟು, ಅಲ್ಲಾಡುತ್ತೆ, ಕೂರುತ್ತೆ. ಒಂದನೇ ತರಗತಿಯ ಕಾರ್ಡುಗಳಲ್ಲಿ ನಾನು ವಾರಗಟ್ಟಲೆ ಕಲಿಸುವ ಪದಗಳೇ ಅವು. ಅಲ್ಲಿ ತಾವಾಗಿಯೇ ಉದುರುತ್ತಿದ್ದವು.

ಮನೆಗಳು ಶುಕ್ರವಾರ, ಶನಿವಾರ, ಭಾನುವಾರ ಒಣಗಿದವು. ಸೋಮವಾರ ಮಳೆ ಬರಲಿಲ್ಲ. ಅದಕ್ಕೆ ಪ್ಲಾಸ್ಟಿಕ್ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದು ನಾವೇ ಮಳೆ ಮಾಡಿದೆವು. ಒಂದೊಂದು ಮನೆಗೂ 5 ಚೊಂಬು ನೀರು. ಮೋಸ ಆಗಬಾರದು ಎಂದು ಚೊಂಬು ಲೆಕ್ಕ ಇಡುವುದಕ್ಕೆ ಒಬ್ಬನನ್ನು ನಿಲ್ಲಿಸಿದರು.

ಬರೀ ಮಣ್ಣಿನ ಮನೆ ಎರಡನೇ ಚೊಂಬಿಗೇ ಕುಸಿಯಿತು. ಕಲಸಿದ ಮನೆಯ ಹೊರಮೈ ಸ್ವಲ್ಪ ತೊಳೆದು ಹೋಯಿತು, ಮನೆ ನಿಂತಿತು. ಬರೀ ಸಗಣಿಯ ಮನೆ ಉಬ್ಬಿತು, ಮೆತ್ತಗಾಯಿತು, ಒಂದು ಕಡೆ ವಾಲಿತು. ಆದರೆ ಕರಗಲಿಲ್ಲ. ಎಮ್ಮೆ ಮನೆಯ ಹುಡುಗ ಕುಣಿದ. ಆಮೇಲೆ ಕಲ್ಲಿನ ಮನೆ. ನೀರು ಹಾಕಿದರು. ಗೋಡೆ ಅಲ್ಲಾಡಲಿಲ್ಲ. ಆದರೆ ಒಳಗಿದ್ದ ಗುಬ್ಬಿ, ಅಂದರೆ ಮಕ್ಕಳು ಮಾಡಿಟ್ಟಿದ್ದ ಕಾಗದದ ಗುಬ್ಬಿ, ಪೂರ್ತಿ ನೆನೆದು ಹೋಯಿತು. ಕಲ್ಲಿನ ಸಂದಿನಲ್ಲೆಲ್ಲ ನೀರು ಇಳಿದಿತ್ತು.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಆ ಮೂರನೇ ತರಗತಿಯವಳೇ ಹೇಳಿದಳು: "ಗುಬ್ಬಿ ಕಲ್ಲು ತರಬೇಕಿತ್ತು, ಕಾಗೆ ಸಗಣಿ ತರಬೇಕಿತ್ತು. ಇಬ್ರೂ ಸೇರಿ ಒಂದೇ ಮನೆ ಕಟ್ಟಬೇಕಿತ್ತು."

ನೀತಿ ಹೇಳಿ ಎಂದು ನಾನು ಕೇಳಿರಲಿಲ್ಲ. ಕೇಳಿದ್ದರೆ ಈ ಮಾತು ಬರುತ್ತಿರಲಿಲ್ಲ. ಸಗಣಿಯಲ್ಲಿ ಹಸು ಅರಗಿಸಿಕೊಳ್ಳದ ಹುಲ್ಲಿನ ನಾರು ಇರುತ್ತದೆ, ಅದು ಮಣ್ಣನ್ನು ಹಿಡಿದಿಡುತ್ತದೆ, ಅದಕ್ಕೇ ನಮ್ಮಲ್ಲಿ ಗೋಡೆಗೆ ಎರಡನ್ನೂ ಕಲಸಿ ಬಳಿಯುವುದು ಎಂದು ಅಷ್ಟು ಮಾತ್ರ ನಾನು ಸೇರಿಸಿದೆ. ಒಣಗಿದ ಬೆರಣಿ ಮುರಿದು ನಾರು ತೋರಿಸಿದೆ. ಎಲ್ಲರೂ ಸೋಪು ಹಾಕಿ ಎರಡು ಸಲ ಕೈ ತೊಳೆದರು. ಉಗುರು ಸಂದಿಯನ್ನು ನಾನೇ ಒಬ್ಬೊಬ್ಬರದೂ ನೋಡಿದೆ. ಸಗಣಿ ಮುಟ್ಟಿಸುವವರು ಇದನ್ನು ಬಿಡಲೇಬಾರದು.

ಮನೆ ಕಟ್ಟಿದ್ದು ಒಂದು ಭಾಗ. ನನಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬಂದಿದ್ದು ಬಾಗಿಲು. ಇಬ್ಬರು ಮಕ್ಕಳು ಕೈ ಹಿಡಿದು ಬಾಗಿಲಾದರು. ಒಬ್ಬಳು ಗುಬ್ಬಿ, ಒಬ್ಬ ಕಾಗೆ. ಗುಬ್ಬಿ ಮಗುವಿಗೆ ಏನು ಮಾಡುತ್ತಿದ್ದಾಳೆ ಎಂದು ಪ್ರತಿ ಸಲ ಹೊಸದಾಗಿ ಹೇಳಬೇಕು. ಹೇಳಿದ್ದನ್ನೇ ಹೇಳುವ ಹಾಗಿಲ್ಲ. ಮನೆಯಲ್ಲಿ ಎಳೆ ಕೂಸು ಇರುವ ಮಕ್ಕಳು ಇಲ್ಲಿ ಗೆದ್ದರು. ಒಬ್ಬ ನಾನು ಹೇಳಿದ ಕ್ರಮವನ್ನೇ ತಿದ್ದಿದ. "ನೀರು ಹಾಕಿದ ತಕ್ಷಣ ಕಾಡಿಗೆ ಅಲ್ಲ ಮಿಸ್, ಮೊದಲು ಸಾಂಬ್ರಾಣಿ ಹೊಗೆ." ಸರಿಯೇ. ಆಮೇಲೆ ಆ ಕೆಲಸಗಳ ಚಿತ್ರವನ್ನು ಅವರೇ ಬರೆದು, ದಾರದ ಮೇಲೆ ಒಂದರ ಪಕ್ಕ ಒಂದು ನೇತುಹಾಕಿದರು. ಎಣ್ಣೆ, ನೀರು, ಸಾಂಬ್ರಾಣಿ, ಬಟ್ಟೆ, ಕಾಡಿಗೆ, ಹಾಲು, ತೊಟ್ಟಿಲು. ಮೊದಲು, ಆಮೇಲೆ, ಅದಾದ ಮೇಲೆ, ಕೊನೆಗೆ. ಒಂದು ಘಟನೆಯನ್ನು ಕ್ರಮವಾಗಿ ಹೇಳುವುದು ಆರು ವರ್ಷದ ಮಗುವಿಗೆ ಸುಲಭ ಅಲ್ಲ. ಬಾಗಿಲ ಮುಂದೆ ನಿಂತಾಗ ಬಂತು.

ಅಕ್ಷರದ ಮಾತು ಹೇಳಲೇಬೇಕು. ಕಥೆ, ಆಟ ಎಲ್ಲ ಚೆಂದ, ಓದುವುದು ಯಾವಾಗ ಎಂದು ಎಲ್ಲರೂ ಕೇಳುತ್ತಾರೆ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಎಂದಲ್ಲ. ರ, ಗ, ಸ, ದ, ಅ. ಬರೆಯುವುದಕ್ಕೆ ಸುಲಭ, ಸೇರಿಸಿದರೆ ಬೇಗ ಪದ ಸಿಗುತ್ತವೆ. ಈ ಐದು ಅಕ್ಷರ ಇಟ್ಟುಕೊಂಡು ಕಥೆಗಳ ಕಡೆ ನೋಡಿದಾಗ ನನಗೆ ತುಂಬಾ ಖುಷಿಯಾಯಿತು. ಅರಸ. ಅಗಸ. ಸರ. ಗರಗಸ. ಹಾವು ಹರಿದರೆ ಸರಸರ, ಬೀಸುಕಲ್ಲು ತಿರುಗಿದರೆ ಗರಗರ, ರಕ್ಕಸ ಎಳೆದುಕೊಂಡು ಹೋದರೆ ದರದರ. ಅರ್ಧ ಜಾನಪದ ಕಥೆ ಇಷ್ಟರಲ್ಲೇ ಇದೆ! ಒಂದನೇ ತರಗತಿಯ ಆರು ಮಕ್ಕಳಿಗೆ ಇಷ್ಟೇ ಪದಗಳಿಂದ ಒಂದು ಕಥೆ ಕಟ್ಟಿದೆ. ಅರಸನ ಸರ ಅಗಸನಿಗೆ ಸಿಕ್ಕುವ ಕಥೆ. ಬಾಯಲ್ಲಿ ಹೇಳುತ್ತಾ, ಆ ಪದ ಬಂದಾಗ ನಿಲ್ಲಿಸುತ್ತಿದ್ದೆ. ತಟ್ಟೆಯಲ್ಲಿ ಹರಡಿದ ರಾಗಿಯ ಮೇಲೆ ಅವರು ಬೆರಳಿನಿಂದ ಬರೆಯಬೇಕು. ಬರೆದ ಮೇಲೆ ಕಥೆ ಮುಂದೆ. ಹೂಂಗುಟ್ಟಿದ ಹಾಗೆಯೇ, ಆದರೆ ಬೆರಳಿನಲ್ಲಿ.

ಇದರಲ್ಲಿ ಒಂದು ತಪ್ಪೂ ಮಾಡಿದೆ. ಮೊದಲ ಉತ್ಸಾಹದಲ್ಲಿ "ಗುಬ್ಬಕ್ಕ" ಎಂದು ದೊಡ್ಡದಾಗಿ ಬರೆದು ಒಂದನೇ ತರಗತಿಯವರ ಕೈಯಲ್ಲಿ ತಿದ್ದಿಸುವುದಕ್ಕೆ ಹೋದೆ. ಎರಡು ಒತ್ತಕ್ಷರ, ಒಂದು ಕೊಂಬು. ಇಬ್ಬರು ಅತ್ತರು. ಬಾಯಿಗೆ ಸಿಹಿಯಾದ ಪದ ಕೈಗೆ ಕಷ್ಟ ಆಗಬಹುದು ಎಂದು ಆಗ ತಿಳಿಯಿತು. ಈಗ ಕಥೆಯ ಪದಗಳನ್ನು ಎರಡು ಮಾಡಿಕೊಳ್ಳುತ್ತೇನೆ. ಸುಮ್ನೆ ಹೇಳಿ ಕುಣಿಯುವುದಕ್ಕೆ ಕೆಲವು, ಬರೆಯುವುದಕ್ಕೆ ಕೆಲವು. ಎರಡನ್ನೂ ಬೆರೆಸುವುದಿಲ್ಲ.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಅಕ್ಷರದ ಗೆರೆಯ ಮೇಲೆ ಕಾಳು ಜೋಡಿಸುವುದಕ್ಕೆ ಹೆಸರುಕಾಳು ಕೊಟ್ಟಿದ್ದೆ. ಒಂದನೇ ತರಗತಿಯ ಒಬ್ಬ ಕಾಳನ್ನು ಮೂಗಿಗೆ ಸೇರಿಸಿಕೊಂಡ. ನನ್ನ ಕೈಕಾಲು ತಣ್ಣಗಾದವು. ಹೆಡ್‌ಮಾಸ್ಟರ್ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಒಂದು ನಿಮಿಷದಲ್ಲಿ ತೆಗೆದರು. ಒಣ ಕಾಳು ಒದ್ದೆಯಾದರೆ ಉಬ್ಬುತ್ತದೆ. ಅದಕ್ಕೆ ನೀರು ಹಾಕಬಾರದು, ಕಡ್ಡಿ ಹಾಕಿ ಕೆದಕಬಾರದು, ನೇರ ಕರೆದುಕೊಂಡು ಬರಬೇಕು ಎಂದು ಹೇಳಿದರು. ಸಂಜೆ ಅವನ ಮನೆಗೆ ಹೋಗಿ ಅವರಮ್ಮನ ಹತ್ತಿರ ಕ್ಷಮೆ ಕೇಳಿದೆ. ಆವತ್ತಿನಿಂದ ಚಿಕ್ಕವರಿಗೆ ಬಾಟಲಿ ಮುಚ್ಚಳ ಮಾತ್ರ. ದೊಡ್ಡವರಿಗೆ ಹುಣಸೆಬೀಜ, ಅದೂ ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಳ್ಳುವುದು.

ಜುಲೈ ಕೊನೆಯಲ್ಲಿ ಕುಂಬಳಕಾಯಿ ಅಜ್ಜಿ ಬಂದಳು. ಅಜ್ಜಿ ಕಾಡು ದಾಟಿ ಮಗಳ ಮನೆಗೆ ಹೊರಡುತ್ತಾಳೆ. ನರಿ, ಕರಡಿ, ಹುಲಿ ಒಬ್ಬೊಬ್ಬರೇ ಅಡ್ಡ ಬರುತ್ತಾರೆ. "ಈಗ ಬರೀ ಮೂಳೆ ಇದ್ದೀನಿ, ಮಗಳ ಮನೇಲಿ ಹಾಲು ತುಪ್ಪ ತಿಂದು ದಪ್ಪ ಆಗಿ ಬರ್ತೀನಿ, ಆಮೇಲೆ ತಿನ್ನು" ಅನ್ನುತ್ತಾಳೆ. ವಾಪಸ್ ಬರುವಾಗ ಕುಂಬಳಕಾಯಿ ಒಳಗೆ ಕೂತು ಉರುಳಿಕೊಂಡು ಬರುತ್ತಾಳೆ.

ಒಬ್ಬ ತಂದೆ ತೋಟದಿಂದ ದೊಡ್ಡ ಸಿಹಿಗುಂಬಳ ಕಳಿಸಿಕೊಟ್ಟರು. ಶಾಲೆ ಮುಂದಿನ ಇಳಿಜಾರಿನಲ್ಲಿ ಅದನ್ನು ಉರುಳಿಸಿದೆವು. ಅದು ನೇರ ಹೋಗಲಿಲ್ಲ, ಅಂಚಿನ ಮೇಲೆ ಚಕ್ರದ ಹಾಗೆ ತಿರುಗಿ ಬೇಲಿ ಕಡೆ ಹೋಯಿತು. ಸಿಪ್ಪೆ ಇದ್ದ ತೆಂಗಿನಕಾಯಿ ಕುಪ್ಪಳಿಸಿತು. ಸೋರೆಕಾಯಿ ಅಡ್ಡ ತಿರುಗಿ ನಿಂತುಬಿಟ್ಟಿತು. ಯಾವುದು ಎಷ್ಟು ದೂರ ಹೋಯಿತು ಎಂದು ಅಳೆಯಬೇಕಲ್ಲ. ಗೇಣು, ಮೊಳ, ಮಾರು ಹೇಳಿಕೊಟ್ಟೆ. ಒಂದನೇ ತರಗತಿಯವಳ ಲೆಕ್ಕದಲ್ಲಿ ಕುಂಬಳಕಾಯಿ 31 ಮೊಳ ಹೋಗಿತ್ತು, ಮೂರನೇ ತರಗತಿಯವನ ಲೆಕ್ಕದಲ್ಲಿ 26. ಇಬ್ಬರೂ ಸರಿಯಾಗಿಯೇ ಅಳೆದಿದ್ದರು. ದೊಡ್ಡ ಜಗಳ ಆಯಿತು. ಕೈಗೆ ಕೈ ಇಟ್ಟು ನೋಡಿದ ಮೇಲೆ ವಿಷಯ ಗೊತ್ತಾಯಿತು. ಕೊನೆಗೆ "ನಿಮ್ಮ ಮೊಳದ ಅಳತೆಗೆ ಒಂದು ಹಗ್ಗ ಕತ್ತರಿಸಿ ಮಿಸ್, ಎಲ್ಲರೂ ಅದರಲ್ಲೇ ಅಳೀತೀವಿ" ಎಂದರು. ಅಳತೆಗೋಲು ಯಾಕೆ ಬೇಕು ಎಂದು ನಾನು ಇನ್ನು ಬೇರೆ ಪಾಠ ಮಾಡಬೇಕಾಗಿಲ್ಲ.

ಆಮೇಲೆ ಕಾಯಿ ಹೆಚ್ಚಿ ಬೀಜ ತೆಗೆದೆವು. ಎಷ್ಟು ಬೀಜ? ಸುಮ್ನೆ ಎಣಿಸುವುದಕ್ಕೆ ಹೋಗಿ ಎಲ್ಲರೂ ಮೂವತ್ತು, ನಲವತ್ತಕ್ಕೆ ತಪ್ಪಿದರು. ಕರಟಕ್ಕೆ ಹತ್ತರ ಹಾಗೆ ಹಾಕಿ ಎಂದೆ. ನಮ್ಮ ಹತ್ತಿರ ಇದ್ದಿದ್ದು 20 ಕರಟ. ಎಲ್ಲ ತುಂಬಿದವು, ಬೀಜ ಇನ್ನೂ ರಾಶಿ ಇತ್ತು. ಏನು ಮಾಡೋಣ? ಎರಡನೇ ತರಗತಿಯ ಹುಡುಗಿಯೊಬ್ಬಳು ಹತ್ತು ಕರಟದ ಬೀಜವನ್ನು ಒಂದು ಬುಟ್ಟಿಗೆ ಸುರಿದಳು. "ಈ ಬುಟ್ಟಿ ಅಂದ್ರೆ ಹತ್ತು ಕರಟ" ಎಂದಳು. ಕೊನೆಗೆ 3 ಬುಟ್ಟಿ, 8 ಕರಟ, 6 ಬಿಡಿ ಬೀಜ. 386. ಆ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದು ಮೂರರ ಕೆಳಗೆ ಬುಟ್ಟಿ, ಎಂಟರ ಕೆಳಗೆ ಕರಟ ಇಟ್ಟೆ. ಬಿಡಿ, ಹತ್ತು, ನೂರು ಎಂದು ಹಲಗೆಯ ಮೇಲೆ ಮೂರು ಗೆರೆ ಎಳೆದು ಎಷ್ಟು ವರ್ಷ ಹೇಳಿದ್ದೇನೋ. ಹೋದ ವರ್ಷ ಹೇಳಬೇಕಾಗಿ ಬರಲಿಲ್ಲ. ಕಾಯಿ ಅಡುಗೆ ಅಕ್ಕನ ಸಾಂಬಾರಿಗೆ ಹೋಯಿತು. ಹತ್ತು ಬೀಜ ಕಾಂಪೌಂಡ್ ಪಕ್ಕ ನೆಟ್ಟೆವು.

ಬಾಯಾರಿದ ಕಾಗೆಯ ಕಥೆಯನ್ನು ನಾನು ಮೊದಲೇ ಮನೆಯಲ್ಲಿ ಮಾಡಿ ನೋಡಬೇಕಿತ್ತು. ನೋಡಲಿಲ್ಲ. ಬಾಯಿ ಕತ್ತರಿಸಿದ ಒಂದು ಲೀಟರ್ ಬಾಟಲಿಗೆ ಕಾಲು ಭಾಗ ನೀರು ಹಾಕಿದೆವು. ಮಕ್ಕಳು ಒಂದೊಂದೇ ಕಲ್ಲು ಹಾಕಿದರು. ಬಾಟಲಿ ಬಾಯಿವರೆಗೂ ಕಲ್ಲು ತುಂಬಿತು. ನೀರು ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತುಬಿಟ್ಟಿತು. ಇಷ್ಟು ವರ್ಷ ಹೇಳಿದ ಕಥೆ ಮಕ್ಕಳ ಮುಂದೆ ಹೀಗಾದಾಗ ನನ್ನ ಮುಖ ಸಣ್ಣಗಾಯಿತು. ಅರ್ಧ ನೀರು ಹಾಕಿ ಮತ್ತೆ ಮಾಡಿದೆವು. ಆಗ ಉಕ್ಕಿ ಬಂತು. ಒಂದೇ ಅಳತೆಯ ಕಲ್ಲು ತುಂಬಿದರೆ ನೂರರಲ್ಲಿ ಸುಮಾರು 40 ಪಾಲು ಸಂದೇ ಇರುತ್ತದೆ. ನೀರು ಮೊದಲು ಆ ಸಂದು ತುಂಬಬೇಕು. ಇದನ್ನು ನಾನು ವಿವರಿಸುವ ಮೊದಲೇ ಒಬ್ಬ ಹೇಳಿದ: "ಕಾಗೆ ಜಾಣ ಮಿಸ್. ಅರ್ಧ ನೀರಿದ್ದ ಮಡಕೇನೇ ಹುಡುಕ್ಕೊಂಡಿತ್ತು."

ಎಲ್ಲ ಕಥೆಗೂ ಕೈಕೆಲಸ ಹಚ್ಚುವುದು ತಪ್ಪು ಎಂದು ಕಲಿಸಿದ್ದು ಪುಣ್ಯಕೋಟಿ. ಹಸುವಿನ ಮುಖವಾಡ, ಹುಲಿಯ ಮುಖವಾಡ, ರಟ್ಟು, ದಾರ, ಬಣ್ಣ ಎಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದೆ. ಕಥೆ ಹೇಳಿದೆ. ಹಸು ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸುವ ಜಾಗಕ್ಕೆ ಬಂದಾಗ ಹೂಂಗುಟ್ಟುತ್ತಿದ್ದವಳ ದನಿ ನಿಂತಿತು. ಅವಳ ಅಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿ ಆಗ ನಾಲ್ಕು ತಿಂಗಳಾಗಿತ್ತು. ಅವಳು ಅಜ್ಜಿ ಮನೆಯಲ್ಲಿ ಇದ್ದಾಳೆ. ನಾನು ನಿಲ್ಲಿಸಿ ಅವಳನ್ನು ಹತ್ತಿರ ಕೂರಿಸಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ "ಹ್ಞೂಂ" ಎಂದಳು. ಮುಂದುವರಿಸಿದೆ. ಮುಗಿದ ಮೇಲೆ ಮುಖವಾಡ ಹೊರಗೆ ತೆಗೆಯಲಿಲ್ಲ. ಪ್ರಶ್ನೆ ಕೇಳಲಿಲ್ಲ. ಮಕ್ಕಳು ಸುಮ್ಮನೆ ಕೂತರು, ಆಮೇಲೆ ಊಟಕ್ಕೆ ಹೋದರು. ಆ ಮುಖವಾಡಗಳು ಈಗಲೂ ಬೀರುವಿನಲ್ಲಿ ಹಾಗೇ ಇವೆ.

ಸೆಪ್ಟೆಂಬರ್ ಹೊತ್ತಿಗೆ ಊರಿನಲ್ಲಿ ಮಾತು ಶುರುವಾಯಿತು. ಒಬ್ಬ ತಂದೆ ಬಂದು ನೇರವಾಗಿಯೇ ಹೇಳಿದರು: "ಮೇಡಂ, ಮಗಳು ದಿನಾ ಮಣ್ಣು ಮಾಡ್ಕೊಂಡು ಬರ್ತಾಳೆ. ಪೇಟೇಲಿ ನಮ್ಮಣ್ಣನ ಮಗ ಎಬಿಸಿಡಿ ಬರೀತಾನೆ, ಇಂಗ್ಲಿಷ್ ರೈಮ್ಸ್ ಹೇಳ್ತಾನೆ. ಇವ್ಳು ಗುಬ್ಬಕ್ಕ ಗುಬ್ಬಕ್ಕ ಅಂತಾಳೆ." ಅವರ ಆತಂಕ ಸುಳ್ಳಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾಗಿ ನಮ್ಮಂಥ ಶಾಲೆಗಳ ಬಾಗಿಲು ಮುಚ್ಚುವುದನ್ನು ಎಲ್ಲರೂ ನೋಡಿದ್ದೇವೆ. ನಾನು ವಾದ ಮಾಡಲಿಲ್ಲ. ಅವರ ಮಗಳನ್ನು ಕರೆದು ಚಪ್ಪರದಲ್ಲಿ ನೇತುಹಾಕಿದ್ದ ಅವಳ ಕಥೆಯನ್ನು ಓದಿಸಿದೆ. ಎಂಟು ಸಾಲು, ಅವಳೇ ಬರೆದಿದ್ದು. ಗುಬ್ಬಿ ಮತ್ತು ಕಾಗೆ ಸೇರಿ ಮನೆ ಕಟ್ಟುವ ಕಥೆ. ಎರಡು ಕಡೆ ತಡವರಿಸಿದಳು, ಉಳಿದದ್ದನ್ನು ಸರಾಗವಾಗಿ ಓದಿದಳು. ಅವರು ಆ ಹಾಳೆ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಇದನ್ನ ಮನೆಗೆ ತಗೊಂಡು ಹೋಗಬಹುದಾ?" ಎಂದರು.

ಆದರೂ ಆ ಮಾತು ನನ್ನನ್ನು ಕಾಡಿತು. ಅದಕ್ಕೆ ಒಂದು ಶನಿವಾರ ಮಧ್ಯಾಹ್ನ ಮನೆಯ ಹಿರಿಯರನ್ನೆಲ್ಲ ಕಥೆ ಹೇಳುವುದಕ್ಕೆ ಕರೆದೆವು. ಹೆಡ್‌ಮಾಸ್ಟರ್ ಟೀ ಮಾಡಿಸಿದರು. ಒಂಬತ್ತು ಜನ ಬಂದರು, ಎಂಟು ಅಜ್ಜಿ, ಒಬ್ಬ ತಾತ. ಗುಬ್ಬಿ-ಕಾಗೆ ಕಥೆಯೊಂದೇ ಮೂರು ಥರ ಬಂತು. ಒಂದರಲ್ಲಿ ಗುಬ್ಬಿ ಕಾಗೆಯನ್ನು ಒಲೆ ಪಕ್ಕ ಮಲಗಿಸುತ್ತದೆ. ಇನ್ನೊಂದರಲ್ಲಿ ಕಾಗೆ ಕಡಲೆ ಮೂಟೆಯ ಮೇಲೆ ಮಲಗಿ ರಾತ್ರಿಯೆಲ್ಲ ಕಟುಂ ಕಟುಂ ತಿನ್ನುತ್ತದೆ. ಮೂರನೆಯದರಲ್ಲಿ ಬಾಗಿಲು ತೆರೆಯುವುದೇ ಇಲ್ಲ.

ಕೊನೆಗೆ ತಾಂಡಾದ ಅಜ್ಜಿಯೊಬ್ಬರ ಸರದಿ. ಅವರಿಗೆ ಕನ್ನಡದಲ್ಲಿ ಕಥೆ ಹೇಳಿ ಅಭ್ಯಾಸ ಇರಲಿಲ್ಲ, ಹಿಂಜರಿದರು. "ನಿಮ್ಮ ಮಾತಲ್ಲೇ ಹೇಳಿ ಅಜ್ಜಿ" ಎಂದೆ. ಅವರ ಮೊಮ್ಮಗ ನನ್ನ ಎರಡನೇ ತರಗತಿಯವನು. ಏನು ಕೇಳಿದರೂ ಒಂದೇ ಪದದ ಉತ್ತರ ಕೊಡುವವನು. ಕನ್ನಡ ಬರುವುದಿಲ್ಲ ಎಂದು ನಾನು ತಿಳಿದಿದ್ದೆ. ಅಜ್ಜಿ ಲಂಬಾಣಿಯಲ್ಲಿ ಒಂದು ಸಾಲು ಹೇಳಿ ನಿಲ್ಲಿಸಿದರು. ಯಾರಿಗೂ ಅರ್ಥ ಆಗಲಿಲ್ಲ. ಹುಡುಗ ಎದ್ದ. ಅಜ್ಜಿಯ ಪಕ್ಕ ನಿಂತು ಆ ಸಾಲನ್ನು ಕನ್ನಡದಲ್ಲಿ ಹೇಳಿದ. ಇನ್ನೊಂದು ಸಾಲು. ಅದನ್ನೂ ಹೇಳಿದ. ನರಿ ಮತ್ತು ಮುದುಕಿಯ ಕಥೆ ಅದು. ಪದ ಸಿಗದ ಕಡೆ ಕೈಯಲ್ಲಿ ತೋರಿಸಿದ, ಉಳಿದ ಮಕ್ಕಳು ಪದ ಕೊಟ್ಟರು. ಅರ್ಧ ಗಂಟೆ ನಿಂತೇ ಇದ್ದ. ಅವನಿಗೆ ಎರಡು ಭಾಷೆ ಬರುತ್ತಿತ್ತು. ನನಗೆ ಒಂದು ಬರುತ್ತಿತ್ತು.

ಸೋಮವಾರದಿಂದ ಗೋಡೆಯ ಮೇಲೆ ಇನ್ನೊಂದು ಪಟ್ಟಿ ಬಂತು. ಕಥೆಯಲ್ಲಿ ಬರುವ ಪ್ರಾಣಿ, ಮರ, ಮನೆ ಮಂದಿಯ ಹೆಸರು, ಕನ್ನಡದಲ್ಲಿ ಮತ್ತು ಲಂಬಾಣಿಯಲ್ಲಿ. ಲಂಬಾಣಿಗೆ ತನ್ನದೇ ಲಿಪಿ ಇಲ್ಲ, ನಾವು ಕನ್ನಡ ಅಕ್ಷರದಲ್ಲೇ ಬರೆದೆವು. ಅವ್ವನ ಪಕ್ಕ ಯಾಡಿ. ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ, ತಪ್ಪಿದರೆ ಅವನೇ ತಿದ್ದುತ್ತಾನೆ. ಈ ಕೆಲಸವನ್ನು ನಾನು ಮೊದಲ ದಿನದಿಂದಲೇ ಮಾಡಬೇಕಿತ್ತು. ಬೇರೆ ಭಾಷೆಯ ಮನೆಯಿಂದ ಬಂದ ಮಕ್ಕಳು ನಿಮ್ಮ ತರಗತಿಯಲ್ಲಿ ಇದ್ದರೆ ದಯವಿಟ್ಟು ಅವರ ಮನೆಯ ಒಂದು ಕಥೆಯನ್ನು ಮೊದಲು ಕೇಳಿ.

ಕಾಂಪೌಂಡ್ ಪಕ್ಕದ ಹತ್ತು ಬೀಜದಲ್ಲಿ ಏಳು ಮೊಳೆತವು. ಎರಡನ್ನು ಆಡು ತಿಂದಿತು. ಉಳಿದ ಬಳ್ಳಿಯಲ್ಲಿ ಡಿಸೆಂಬರ್ ಹೊತ್ತಿಗೆ ನಾಲ್ಕು ಕಾಯಿ ಬಂದವು. ಮೂರು ಬಿಸಿಯೂಟಕ್ಕೆ, ಒಂದು ಬೀಜಕ್ಕೆ.

ಈಗ ಫೆಬ್ರವರಿ. 19 ಮಕ್ಕಳಲ್ಲಿ ಇಬ್ಬರಿಗೆ ಇನ್ನೂ ಒತ್ತಕ್ಷರ ಸರಿಯಾಗಿ ಬಂದಿಲ್ಲ. ಇಬ್ಬರೂ ಎರಡನೇ ತರಗತಿಯವರು, ಒಬ್ಬ ಎಮ್ಮೆ ಮನೆಯ ಹುಡುಗ. ಓದುವಾಗ ಒತ್ತನ್ನು ಬಿಟ್ಟು ಮುಂದೆ ಹೋಗುತ್ತಾನೆ. ಬರೆಯುವಾಗ ಕೆಳಗೆ ಇಡಬೇಕಾದ್ದನ್ನು ಪಕ್ಕಕ್ಕೆ ಇಡುತ್ತಾನೆ. ಕಾರ್ಡಿನಲ್ಲಿ ಮಾಡಿಸಿದೆ, ಆಗಲಿಲ್ಲ. ಹೋದ ವಾರ ಅವನೇ ಒಂದು ದಾರಿ ಹುಡುಕಿದ. ಮನೆ ಕಟ್ಟುವಾಗ ದೊಡ್ಡ ಕಲ್ಲಿನ ಕೆಳಗೆ ಅಲ್ಲಾಡದ ಹಾಗೆ ಸಣ್ಣ ಕಲ್ಲು ಕೊಡುತ್ತಿದ್ದೆವಲ್ಲ, "ಇದೂ ಹಂಗೇನಾ ಮಿಸ್?" ಎಂದು ಕೇಳಿದ. ಹಂಗೇ ಎಂದೆ.

ಇವತ್ತು ಬೆಳಗ್ಗೆ ನಾನು ಬರುವ ಹೊತ್ತಿಗೆ ಇಬ್ಬರೂ ನೆಲದ ಮೇಲೆ ಕೂತು ಹುಣಸೆಬೀಜ ಜೋಡಿಸುತ್ತಿದ್ದರು. ದೊಡ್ಡ ಬ, ಅದರ ಕೆಳಗೆ ಸಣ್ಣ ಬ. ದೊಡ್ಡ ಕ, ಅದರ ಕೆಳಗೆ ಸಣ್ಣ ಕ. ಮುಂದೆ ಗು ಇಡುವುದಕ್ಕೆ ಬೀಜ ಸಾಲಲಿಲ್ಲ. "ಇನ್ನೂ 20 ಕೊಡಿ ಮಿಸ್" ಎಂದು ಕೈ ಚಾಚಿದ. ಎಣಿಸಿ ಕೊಟ್ಟೆ.